ಗುದ್ದಲಿಯ ಮುಂದೆ ಅಹಿಂಸೆ

ಮೇ ಕೊನೆಯ ವಾರ. ರೋಹಿಣಿ ಮಳೆ ಬಿದ್ದರೆ ಬೆಳಗಾವಿ ಸೀಮೆಯ ಜೈನ ರೈತನ ಹಿತ್ತಿಲಲ್ಲೂ ಹೊಸ ಪಾತಿ ಏಳುತ್ತದೆ. ಬೀಜ ಆರಿಸುವಾಗ ಮಾತ್ರ ಧರ್ಮವೂ ಬಂದು ಬದುವಿನ ಮೇಲೆ ಕೂರುತ್ತದೆ.

ಮೂಲಂಗಿ, ಗಜ್ಜರಿ, ಗೆಣಸು ಬೇಡ. ಕಂದಮೂಲಗಳು ಅನಂತಕಾಯ, ಒಂದೇ ಒಡಲಲ್ಲಿ ಲೆಕ್ಕವಿಲ್ಲದಷ್ಟು ಜೀವಗಳು ಎಂಬುದು ಜೈನರ ನಂಬಿಕೆ. ಗೆಡ್ಡೆ ಕಿತ್ತರೆ ಗಿಡವೇ ಹೋಗುತ್ತದೆ. ಬೆಂಡೆ, ಹೀರೆ, ಅಲಸಂದೆ ಹಾಗಲ್ಲ: ಕಾಯಿ ಕೊಯ್ದ ಮೇಲೂ ಗಿಡಬಳ್ಳಿ ಬದುಕಿರುತ್ತದೆ, ಮತ್ತೆ ಹೂ ಬಿಡುತ್ತದೆ.

ಆದರೆ ಬೆಂಡೆ ಬಿತ್ತಲೂ ನೆಲ ಅಗೆಯಲೇಬೇಕಲ್ಲ? ಗುದ್ದಲಿಗೆ ಸಿಕ್ಕ ಎರೆಹುಳುವಿನ ಲೆಕ್ಕ ಯಾರದು? ಜೈನ ಚಿಂತಕರು ಈ ಪ್ರಶ್ನೆಯಿಂದ ಮುಖ ತಿರುಗಿಸಲಿಲ್ಲ ಎಂಬುದೇ ದೊಡ್ಡದು. ಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಗೃಹಸ್ಥ ಪೂರ್ತಿ ಬಿಡಬೇಕು. ಕಸುಬಿನಲ್ಲಿ ತಪ್ಪಿಸಲಾಗದ ಉದ್ಯೋಗೀ ಹಿಂಸೆಯನ್ನು ಎಚ್ಚರದಿಂದ ತಗ್ಗಿಸಬೇಕು. ಜಿನಸೇನರ ಆದಿಪುರಾಣದಲ್ಲಿ ಮೊದಲ ತೀರ್ಥಂಕರ ವೃಷಭನಾಥನೇ ಜನರಿಗೆ ಕಲಿಸಿದ ಆರು ವೃತ್ತಿಗಳಲ್ಲಿ ಕೃಷಿಯೂ ಒಂದು. ಅಂದರೆ ಹಿಂಸೆ ಇಲ್ಲವೆಂದು ನಟಿಸುವ ಧರ್ಮವಲ್ಲ ಇದು, ಅದನ್ನು ಅಳೆಯುವ ಧರ್ಮ. ಆಳವಾಗಿ ಅಗೆಯದೆ ಮೇಲುಮಣ್ಣಷ್ಟೇ ಸಡಿಲಿಸಿ, ತರಗೆಲೆ ಹೊದಿಸುವ ರೈತ ಈ ಅಳತೆಗೆ ಹೆಚ್ಚು ಹತ್ತಿರ.

ಸೊಪ್ಪಿಗೆ ಇನ್ನೊಂದು ಗಡುವಿದೆ. ಆಷಾಢದಲ್ಲಿ ಚಾತುರ್ಮಾಸ ಹಿಡಿದರೆ, ಎಲೆಗಳಲ್ಲಿ ಹುಳ ಹೆಚ್ಚುವ ಕಾಲವೆಂದು ಅನೇಕರು ಸೊಪ್ಪು ಬಿಡುತ್ತಾರೆ. ಹರಿವೆ 25–30 ದಿನಕ್ಕೆ ಕೊಯ್ಲಿಗೆ ಬರುವುದರಿಂದ ಮೇ ತಿಂಗಳಲ್ಲೇ ಬಿತ್ತಿದರೆ ವ್ರತಕ್ಕೆ ಮೊದಲೇ ಪಾತಿ ಖಾಲಿ. ಅಷ್ಟರಲ್ಲಿ ಪಕ್ಕದ ಹೀರೆ ಚಪ್ಪರ ಹತ್ತುತ್ತಿರುತ್ತದೆ.