ಋಣವೂ ಹಂಗೂ

ನಮ್ಮ ಕನ್ನಡ ನುಡಿಯಲ್ಲಿ ಋಣವೆಂದೂ ಹಂಗೆಂದೂ ಎರಡು ಮಾತುಗಳುಂಟು. ಮೇಲಿಂದ ನೋಡುವವರಿಗೆ ಇವೆರಡೂ ಒಂದೇ ಎಂದು ತೋರಬಹುದು, ಆದರೆ ಹಾಗಲ್ಲ. ಒಬ್ಬನು ನನಗೆ ಮಾಡಿದ ಉಪಕಾರವನ್ನು ನೆನೆದು, ಅದನ್ನು ತೀರಿಸಬೇಕೆಂದು ನಾನಾಗಿಯೇ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಋಣ. ಉಪಕಾರ ಮಾಡಿದವನು ಅದನ್ನು ಎತ್ತಿ ಎತ್ತಿ ಆಡಿ ನನ್ನ ತಲೆಯನ್ನು ಬಗ್ಗಿಸುವುದೂ, ನಾನು ಅದಕ್ಕೆ ಅಂಜಿ ಬಗ್ಗುವುದೂ ಹಂಗು. ಋಣವನ್ನು ನೆನೆಯುವವನು ದೊಡ್ಡವನಾಗುತ್ತಾನೆ. ಹಂಗು ಇಬ್ಬರನ್ನೂ ಸಣ್ಣವರನ್ನಾಗಿ ಮಾಡುತ್ತದೆ. ಹೀಗಿರಲಾಗಿ, ಕೆಲವು ದಿನಗಳ ಮಟ್ಟಿಗೆ ಬಂಧುವಿನ ಮನೆಯಲ್ಲಿ ತಂಗಬೇಕಾದವನು, ಆ ಬಂಧುವು ಕಠಿಣ ಸ್ವಭಾವದವನಾಗಿದ್ದರೆ, ಋಣವನ್ನು ಮರೆಯದೆಯೂ ಹಂಗಿಗೆ ಒಳಗಾಗದೆಯೂ ಹೇಗೆ ನಡೆದುಕೊಳ್ಳಬೇಕು? ಇದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಈ ಪ್ರಶ್ನೆಯು ಹೊಸದಲ್ಲ. ನಿಜಾಮನ ಆಳಿಕೆಯ ಕೊನೆಯಲ್ಲಿ, 1947-48ರ ರಜಾಕಾರರ ಹಾವಳಿಯ ಕಾಲಕ್ಕೆ, ಈ ಸೀಮೆಯ ಅನೇಕ ಕುಟುಂಬಗಳು ಗಡಿಯನ್ನು ದಾಟಿ ಧಾರವಾಡ, ಬಳ್ಳಾರಿ ಜಿಲ್ಲೆಗಳ ಊರುಗಳನ್ನು ಸೇರಿ, ಬೇರೆಯವರ ಚಾವಣಿಯ ಕೆಳಗೆ ದಿನಗಳನ್ನು ನೂಕಿದವು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ತರುವಾಯ ಗಂಗಾವತಿಯ ಕಡೆಯ ಹೊಲಗಳು ಭತ್ತದ ಗದ್ದೆಗಳಾದವು; ಕುಷ್ಟಗಿ, ಯಲಬುರ್ಗಾಗಳ ಬಹುಪಾಲು ಭೂಮಿಯಾದರೋ ಇಂದಿಗೂ ಮಳೆಯ ಮುಖವನ್ನೇ ನೋಡುತ್ತದೆ. ಮಳೆ ಕೈಕೊಟ್ಟ ವರ್ಷ ಜನರು ಗುಳೆ ಹೋಗುತ್ತಾರೆ: ಕೆಲವರು ಭತ್ತದ ನಾಟಿಗೆ, ಕೆಲವರು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಮಂಗಳೂರು, ಗೋವೆಗಳಿಗೆ. ಹೋದಲ್ಲಿ ಮೊದಲು ತಟ್ಟುವುದು ಬಂಧುವಿನ ಬಾಗಿಲನ್ನೇ. 2020ರ ಮಾರ್ಚ್ 25ರಿಂದ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗಲಂತೂ, ಊರಿಗೆ ಮರಳಿ ಅಣ್ಣತಮ್ಮಂದಿರ ಮನೆಗಳನ್ನು ಸೇರಿದವರಲ್ಲಿ ಎಷ್ಟೋ ಮಂದಿ ಒಂದೇ ಪಡಸಾಲೆಯಲ್ಲಿ ಎರಡು ಮೂರು ಸಂಸಾರಗಳಾಗಿ ಇರಬೇಕಾಯಿತು. ಇನ್ನು ಆಸ್ಪತ್ರೆಗಾಗಿ, ಬಾಣಂತನಕ್ಕಾಗಿ, ಮಕ್ಕಳ ಪರೀಕ್ಷೆಗಾಗಿ ಪಟ್ಟಣದ ಬಂಧುಗಳಲ್ಲಿ ಇಳಿದುಕೊಳ್ಳದ ಮನೆತನವು ಯಾವುದುಂಟು?

ಬಂಧುವಿನ ಮನೆಯಲ್ಲಿ ಸಂಕಟಪಟ್ಟವರಲ್ಲಿ ನಾವೆಲ್ಲರೂ ಬಲ್ಲ ಒಬ್ಬನಿದ್ದಾನೆ, ಅವನೇ ಯಾಕೋಬನು. ಅಣ್ಣನ ಕೋಪವು ಇಳಿಯುವ ತನಕ ಸ್ವಲ್ಪ ದಿನ ಇದ್ದು ಬಾ ಎಂದು ತಾಯಿಯು ಅವನನ್ನು ಸೋದರಮಾವನಾದ ಲಾಬಾನನ ಮನೆಗೆ ಕಳುಹಿಸಿದಳು. ಆ ಸ್ವಲ್ಪ ದಿನವು ಇಪ್ಪತ್ತು ವರ್ಷವಾಯಿತು. ಹೆಣ್ಣುಮಕ್ಕಳಿಬ್ಬರಿಗಾಗಿ ಹದಿನಾಲ್ಕು ವರ್ಷ, ಹಿಂಡಿಗಾಗಿ ಆರು ವರ್ಷ ದುಡಿದನು. ಮಾವನು ಹತ್ತು ಸಾರಿ ಸಂಬಳವನ್ನು ಬದಲಾಯಿಸಿದನು. ಸೋದರಮಾವನ ಮಗಳನ್ನು ತರುವ ವಾಡಿಕೆಯುಳ್ಳ ನಮ್ಮ ನಾಡಿನವರಿಗೆ ಈ ಮನೆಯ ಒಳಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಂಗತಿಯನ್ನು ಮಾತ್ರ ಗಮನಿಸಿರಿ. ಮೊದಲನೆಯ ತಿಂಗಳು ಯಾಕೋಬನು ಬರಿಯ ನೆಂಟನಾಗಿದ್ದನು. ತಿಂಗಳಾದ ಮೇಲೆ ಕೂಲಿಯ ಮಾತನ್ನು ಎತ್ತಿದವನು ಲಾಬಾನನೇ. ಮಾವನು ವಂಚಕನಾಗಿದ್ದರೂ ಈ ಮಾತಿನಲ್ಲಿ ಅವನಿಗೆ ಲೋಕಜ್ಞಾನವಿತ್ತು. ಯಾಕಂದರೆ ಎಷ್ಟು ದಿನ, ಯಾವ ಕೆಲಸ, ಯಾವ ಪಾಲು ಎಂಬುದು ತೀರ್ಮಾನವಾಗದ ಮನೆಯಲ್ಲಿ ನೆಂಟಸ್ತಿಕೆಯು ಬಹುಕಾಲ ನಿಲ್ಲಲಾರದು.

ಆದಕಾರಣ ತಂಗುವವನ ಮೊದಲನೆಯ ಧರ್ಮವು ದಿನವನ್ನು ಹೇಳುವುದು. “ನಾಟಿಯು ಮುಗಿಯುವ ತನಕ ಇರುವೆವು”, “ವೈದ್ಯರು ಮೂರನೆಯ ಸಾರಿ ನೋಡಿದ ಮೇಲೆ ಹೋಗುವೆವು” ಎಂದು ಬಂದ ದಿನವೇ ಹೇಳತಕ್ಕದ್ದು. ಕೊನೆಯಿಲ್ಲದ ಹೊರೆಯನ್ನು ಹೊರುವವನು ಬೇಗ ಗೊಣಗುತ್ತಾನೆ. ಇಳಿಸುವ ಕಟ್ಟೆಯು ಕಣ್ಣಿಗೆ ಕಂಡರೆ ಅದೇ ಹೊರೆಯನ್ನು ಇನ್ನಷ್ಟು ದೂರ ಹೊರುತ್ತಾನೆ. ಎರಡನೆಯದು, ಮನೆಯವರ ಲೆಕ್ಕವನ್ನು ಅರಿಯುವುದು. ಎರಡು ಕೋಣೆಯ ಮನೆ, ನಾಲ್ಕಾರು ದಿನಕ್ಕೊಮ್ಮೆ ಬರುವ ನಳದ ನೀರು, ಅಳತೆಯ ಜೋಳ. ಇಂಥ ಕಡೆ ಮೂವರು ಹೆಚ್ಚಾದರೆ ಮನೆಯಾಕೆಯು ಬೆಳಗಿನಿಂದ ರಾತ್ರಿಯ ವರೆಗೆ ಮನಸ್ಸಿನಲ್ಲಿ ಎಣಿಸುತ್ತಲೇ ಇರುತ್ತಾಳೆ. ನಾವು ದುಷ್ಟತನವೆಂದು ತಿಳಿಯುವ ಮಾತಿನಲ್ಲಿ ಅನೇಕ ವೇಳೆ ಈ ಎಣಿಕೆಯ ದಣಿವೇ ಇರುವುದು. ಒಂದು ಕೊಡ ನೀರು ತಂದಿಟ್ಟರೆ, ಜೋಳವನ್ನು ಹಸನು ಮಾಡಿಕೊಟ್ಟರೆ, ಬಂದ ಕೂಲಿಯಲ್ಲಿ ಒಂದು ಪಾಲನ್ನು ಕೇಳುವ ಮೊದಲೇ ಕೈಗಿತ್ತರೆ, ಅರ್ಧ ಜಗಳವು ಹುಟ್ಟುವುದಕ್ಕೆ ಮುಂಚೆಯೇ ಸಾಯುತ್ತದೆ. ಮೂರನೆಯದು, ಆ ಮನೆಯ ಗುಟ್ಟನ್ನು ಹೊರಗೆ ಒಯ್ಯದಿರುವುದು. ಗಂಡಹೆಂಡಿರ ಮನಸ್ತಾಪದಲ್ಲಿ ಪಕ್ಷವನ್ನು ಹಿಡಿಯಲಾಗದು. ಬಾವಿಯ ಕಟ್ಟೆಯ ಮೇಲೆ ಅದನ್ನು ಹರವಲಾಗದು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಗಾದೆಯು ಕಳ್ಳತನವನ್ನು ಕುರಿತದ್ದು ಮಾತ್ರವಲ್ಲ. ನಾಲಗೆಯನ್ನು ಕುರಿತದ್ದೂ ಹೌದು.

ಇಷ್ಟನ್ನು ಮಾಡಿದರೂ ಬಂಧುವಿನ ನಾಲಗೆಯು ಚುಚ್ಚುತ್ತಲೇ ಇದ್ದರೆ ಏನು ಮಾಡಬೇಕು? ಯಲಬುರ್ಗಾ ಕಡೆಯ ಒಬ್ಬ ವಿಧವೆಯು ಮಗಳ ಚಿಕಿತ್ಸೆಗೋಸ್ಕರ ಕೊಪ್ಪಳದಲ್ಲಿ ಅಣ್ಣನ ಮನೆಯಲ್ಲಿ ಒಂದು ತಿಂಗಳು ಇಳಿದುಕೊಂಡಿದ್ದಾಳೆಂದು ಎಣಿಸೋಣ. ಅಣ್ಣನು ಮೌನಿ; ಅತ್ತಿಗೆಯು ನೆರೆಯವರ ಎದುರಿನಲ್ಲಿ, “ನಮ್ಮ ಮನೆ ಈಗ ಛತ್ರವಾಗಿದೆ” ಎಂದು ಆಡುತ್ತಾಳೆ. ಕೂಡಲೇ ಎದುರು ಮಾತಾಡಿದರೆ ಅಂದೇ ಗಂಟು ಕಟ್ಟಬೇಕಾದೀತು. ಮಗುವಿನ ಔಷಧವು ಅರ್ಧಕ್ಕೆ ನಿಂತೀತು. ಏನೂ ಅನ್ನದೆ ನುಂಗಿಕೊಳ್ಳುವುದೇ ತಾಳ್ಮೆಯೆಂದು ಅನೇಕರು ಹೇಳುವರು. ಆದರೆ ನುಂಗಿದ ಮಾತು ಎಲ್ಲಿಗೆ ಹೋಗುತ್ತದೆ? ಒಳಗೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗಿ ಕೂಡ್ರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೂ, ಮಗಳ ಮದುವೆಗೆ ಅಣ್ಣನನ್ನು ಕರೆಯುವಾಗಲೂ, ಆ ಸಾಲು ಅಳಿಸಿರುವುದಿಲ್ಲ. ಯಾಕೋಬನಿಗೂ ಹೀಗೆಯೇ ಆಯಿತು. ಅವನು ಇಪ್ಪತ್ತು ವರ್ಷ ಒಳಗೆ ಕೂಡಿಟ್ಟು, ಕಡೆಗೆ ಹೇಳದೆ ಓಡಿಹೋದನು. ಮಾವನು ಏಳು ದಿನದ ದಾರಿ ಬೆನ್ನಟ್ಟಿ ಬಂದ ಮೇಲೆ, ಗಿಲ್ಯಾದಿನ ಬೆಟ್ಟದಲ್ಲಿ ಬಿಸಿಲು, ಚಳಿ, ನಿದ್ದೆಗೆಟ್ಟ ರಾತ್ರಿ, ಹತ್ತು ಸಾರಿ ಬದಲಾದ ಸಂಬಳ ಎಲ್ಲವನ್ನೂ ಒಂದೇ ಉಸಿರಿಗೆ ಹೊರಗೆ ಹಾಕಿದನು. ಹೇಳದೆ ಇಟ್ಟದ್ದು ಇಲ್ಲವಾಗುವುದಿಲ್ಲ. ಸಮಯವಲ್ಲದ ಸಮಯದಲ್ಲಿ ಹೊರಬೀಳುವುದು.

ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹಿರಿಯರು ಅಂದರೇ ಹೊರತು ಮಾತು ಬಿಟ್ಟವನಿಗೆ ಜಗಳವಿಲ್ಲವೆಂದು ಅನ್ನಲಿಲ್ಲ. ಆ ವಿಧವೆಯು ಮಾರನೆಯ ದಿನ ಅಡಿಗೆಮನೆಯಲ್ಲಿ ಇಬ್ಬರೇ ಇರುವಾಗ ಹೀಗೆ ಹೇಳಬಹುದು: “ಅತ್ತಿಗೆ, ನಮ್ಮಿಂದ ನಿಮಗೆ ಹೊರೆಯಾಗಿದೆ, ಅದು ನನಗೆ ಗೊತ್ತು. ಬರುವ ಸೋಮವಾರ ವೈದ್ಯರು ನೋಡಿದ ಮೇಲೆ ಹೊರಡುತ್ತೇವೆ. ಅಲ್ಲಿಯ ವರೆಗೆ ನೀರಿನ ಕೆಲಸ ನನಗಿರಲಿ. ಒಂದು ಮಾತನ್ನು ಮಾತ್ರ ನಡೆಸಿಕೊಡಿರಿ. ನನಗೆ ಏನಾದರೂ ಅನ್ನುವುದಿದ್ದರೆ ಮಗುವಿನ ಮುಂದೆ ಬೇಡ. ಅವಳು ನಿನ್ನೆಯಿಂದ ಅರ್ಧ ರೊಟ್ಟಿಗೇ ಏಳುತ್ತಿದ್ದಾಳೆ.” ಈ ಮಾತಿನಲ್ಲಿ ಋಣದ ಒಪ್ಪಿಗೆಯುಂಟು, ದಿನದ ಲೆಕ್ಕವುಂಟು, ಬೇಡಿಕೆಯೂ ಉಂಟು, ಹಂಗಿನ ಅಂಜಿಕೆಯು ಮಾತ್ರ ಇಲ್ಲ. ಅತ್ತಿಗೆಯು ಇದರಿಂದ ಕರಗುವಳೆಂದು ನಾವು ಹೊಣೆ ಹೊರಲಾರೆವು. ಕರಗದಿದ್ದರೂ ಇವಳ ಎದೆಯಲ್ಲಿ ಕಹಿಯು ಹೆಪ್ಪುಗಟ್ಟದು. ಅದೇ ದೊಡ್ಡ ಲಾಭ.

ಇನ್ನು ಬಂಧುವಿಗೆ ನಾವು ಏನನ್ನು ಸಲ್ಲಿಸಬೇಕಾಗಿಲ್ಲ ಎಂಬುದನ್ನೂ ಸ್ಪಷ್ಟವಾಗಿ ತಿಳಿದುಕೊಳ್ಳುವುದು ಒಳ್ಳೇದು. ಮನೆಯ ಪದ್ಧತಿಯು ಮನೆಯವರದು: ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ಕೂಡ್ರಬೇಕು, ಏನನ್ನು ಉಣ್ಣಬೇಕು ಎಂಬುದರಲ್ಲಿ ನೆಂಟನು ಬಗ್ಗತಕ್ಕದ್ದು. ಮನಸ್ಸಾಕ್ಷಿಯಾದರೋ ತಂಗಿದವನದೇ, ಅನ್ನವಿಕ್ಕಿದ ಮಾತ್ರಕ್ಕೆ ಅದು ಕೈ ಬದಲಾಗುವುದಿಲ್ಲ. ಹಿರಿಯರ ದಾರಿಯನ್ನು ಬಿಟ್ಟವನೆಂದು ಬಂಧುವು ಹಂಗಿಸಿದರೆ, ಅವನ ಪದ್ಧತಿಯನ್ನು ಹಳಿಯದೆ, ತನ್ನದನ್ನು ಮುಚ್ಚಿಡದೆ ಇರುವುದೇ ಸಾಕು; ಅವನ ಪಡಸಾಲೆಯಲ್ಲಿ ಕುಳಿತು ವಾದವನ್ನು ಗೆಲ್ಲುವ ಅಗತ್ಯವಿಲ್ಲ. ಹಾಗೆಯೇ ಸುಳ್ಳು ಸಾಕ್ಷಿ ಹೇಳೆಂದರೆ, ಓದುವ ಮಗುವನ್ನು ಶಾಲೆ ಬಿಡಿಸಿ ದುಡಿಸೆಂದರೆ, ಇಲ್ಲವೆನ್ನುವುದು ಕೃತಘ್ನತೆಯಲ್ಲ.

ಬಂಧುವು ಕುಡಿದು ಕೈಯೆತ್ತುವವನಾದರೆ, ಹೆಣ್ಣುಮಗಳನ್ನು ಕೆಟ್ಟ ಕಣ್ಣಿನಿಂದ ನೋಡುವವನಾದರೆ, ಅದು ತಾಳ್ಮೆಯ ಪ್ರಶ್ನೆಯೇ ಅಲ್ಲ. ಅಂಥ ಮನೆಯಿಂದ ಆ ರಾತ್ರಿಯೇ ಹೊರಡತಕ್ಕದ್ದು. ನಾಲ್ಕು ಜನರು ಏನೆಂದಾರೋ ಎಂಬ ಅಂಜಿಕೆಯಿಂದ ಮಕ್ಕಳನ್ನು ಅಲ್ಲಿ ಬಿಟ್ಟಿರುವುದು ಬಂಧುತ್ವವಲ್ಲ, ಹಂಗಿನ ಅತ್ಯಂತ ಕೆಟ್ಟ ರೂಪ. ನೆರೆಯ ಮನೆಯೋ, ನಂಬಿಕಸ್ಥ ಹಿರಿಯರೋ ಸಮೀಪದಲ್ಲಿ ಇರಬಹುದು. ಇಲ್ಲದಿದ್ದರೆ ಆಪತ್ತಿಗೆ 112, ಮಕ್ಕಳ ವಿಷಯಕ್ಕೆ 1098 ಎಂಬ ದೂರವಾಣಿ ಸಂಖ್ಯೆಗಳನ್ನು ಪ್ರತಿಯೊಬ್ಬ ತಾಯಿಯೂ ನೆನಪಿನಲ್ಲಿ ಇಟ್ಟುಕೊಂಡಿರಲಿ.

ಮನೆಯಲ್ಲಿ ಇಳಿಸಿಕೊಳ್ಳುವವರಿಗೂ ಒಂದು ಮಾತು. ಇಂದು ಬಾಗಿಲು ತೆರೆದವನು ನಾಳೆ ಬಾಗಿಲು ತಟ್ಟುವವನಾಗಬಹುದು. ಒಂದು ಬರಗಾಲ, ಒಂದು ರೋಗವು ಇದಕ್ಕೆ ಸಾಕು. ಇಟ್ಟುಕೊಳ್ಳಲಾರದಿದ್ದರೆ ಮೊದಲನೆಯ ದಿನವೇ ಮೆತ್ತಗೆ ಹೇಳಿರಿ, ಅದರಲ್ಲಿ ಅವಮಾನವಿಲ್ಲ. ಇಟ್ಟುಕೊಂಡ ಮೇಲೆ ರೊಟ್ಟಿಯನ್ನು ಎಣಿಸಿ ಹಾಕಿದರೂ ಎಣಿಸಿದ್ದನ್ನು ಬಾಯಿಂದ ಆಡಬೇಡಿರಿ. ಕೊಟ್ಟದ್ದನ್ನು ಆಡಿ ತೋರಿಸಿದವನಿಗೆ ಅದೇ ಕೂಲಿಯಾಗಿ ಮುಟ್ಟಿಹೋಯಿತು. ಮುಂದೆ ಅವನಿಗೆ ಬರತಕ್ಕ ಋಣವು ಉಳಿಯಲಿಲ್ಲ.

ಯಾಕೋಬನೂ ಲಾಬಾನನೂ ಗಿಲ್ಯಾದಿನಲ್ಲಿ ಒಬ್ಬರ ಕೊರಳನ್ನು ಒಬ್ಬರು ತಬ್ಬಿಕೊಂಡು ಒಂದೇ ಮನೆಯವರಾಗಲಿಲ್ಲ. ಕಲ್ಲುಗಳನ್ನು ಕೂಡಿಸಿ ಕುಪ್ಪೆ ಮಾಡಿ, ಕೇಡು ಮಾಡಬೇಕೆಂದು ನೀನು ಇದನ್ನು ದಾಟಬೇಡ, ನಾನೂ ದಾಟೆನು ಎಂದು ಒಪ್ಪಂದ ಮಾಡಿಕೊಂಡು, ಕೂಡಿ ಊಟಮಾಡಿದರು. ಬೆಳಿಗ್ಗೆ ಮುದುಕನು ಹೆಣ್ಣುಮಕ್ಕಳನ್ನೂ ಮೊಮ್ಮಕ್ಕಳನ್ನೂ ಮುದ್ದಿಟ್ಟು ತನ್ನ ಊರಿಗೆ ಹಿಂದಿರುಗಿದನು. ಕೆಲವು ಬಂಧುಗಳೊಂದಿಗೆ ನಮಗೆ ಸಾಧ್ಯವಾಗುವ ಸಮಾಧಾನವು ಇಷ್ಟೇ. ಇದು ಕಡಿಮೆಯೇನಲ್ಲ. ಹೊರಡುವ ದಿನ ಮನೆಯನ್ನು ಗುಡಿಸಿ, ಕೊಡಗಳನ್ನು ತುಂಬಿಟ್ಟು, “ಕಷ್ಟಕಾಲದಲ್ಲಿ ಬಾಗಿಲು ತೆರೆದಿರಿ” ಎಂದು ಬಾಯಿತುಂಬ ಹೇಳಿ ಬನ್ನಿರಿ, ಅದು ಸತ್ಯವಷ್ಟೆ. ಉಳಿದ ಋಣವು ಆ ಮನೆಯಲ್ಲಿಯೇ ತೀರಬೇಕೆಂಬ ನಿಯಮವಿಲ್ಲ. ಮುಂದಿನ ಬೇಸಿಗೆಯಲ್ಲಿ ನಿಮ್ಮ ಬಾಗಿಲಿಗೆ ಗಂಟುಮೂಟೆಯೊಂದಿಗೆ ಬಂದು ನಿಲ್ಲುವವನಿಗೆ ಅದನ್ನು ಸಲ್ಲಿಸಿರಿ, ಮತ್ತು ಅವನ ಮಕ್ಕಳು ಹೊಟ್ಟೆತುಂಬ ಉಂಡು ಏಳುವಂತೆ ನೋಡಿಕೊಳ್ಳಿರಿ.