ಕೆಂಪು ಏಲ್ ಮತ್ತು ಐದನೆಯ ಶೀಲ


ಇಂದಿನ ಧಮ್ಮ ಚಿಂತನೆ

ಬಂಧುಗಳೇ, ಒಂದು ಗುಟುಕು ರುಚಿ ನೋಡಿದರೆ ಶೀಲ ಮುರಿಯುತ್ತದೆಯೇ? ನಮ್ಮ ಹುಡುಗ ಹುಡುಗಿಯರು ಈಗ ಕೆಲಸ ಮಾಡುವ ಕಡೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಬೈದು ಬಾಯಿ ಮುಚ್ಚಿಸುವ ಪ್ರಶ್ನೆಯಲ್ಲ ಇದು.

ಕಳೆದ ತಿಂಗಳು ನನ್ನ ಅಕ್ಕನ ಮಗ ಬಡ್ತಿ ಸಿಕ್ಕ ಖುಷಿಗೆ ಊಟಕ್ಕೆ ಕರೆದಿದ್ದ. ಬೆಂಗಳೂರಿನ ಒಂದು ಬ್ರೂಪಬ್. ಗಾಜಿನ ಆಚೆ ದೊಡ್ಡ ಸ್ಟೀಲ್ ಟ್ಯಾಂಕುಗಳು, ಬಿಯರ್ ಅಲ್ಲೇ ತಯಾರಾಗುತ್ತದೆ. ಆರ್ಡರ್ ಮಾಡುವ ಮೊದಲು ರುಚಿ ನೋಡಲೆಂದು ಪುಟ್ಟ ಗ್ಲಾಸುಗಳಲ್ಲಿ ಸ್ವಲ್ಪ ಸ್ವಲ್ಪ ತಂದಿಟ್ಟರು. ಅದರಲ್ಲೊಂದು ರೆಡ್ ಏಲ್. ಆ ಕೆಂಪು ಮೊಳಕೆ ಬರಿಸಿ ಹುರಿದ ಬಾರ್ಲಿಯಿಂದ ಬರುತ್ತದಂತೆ. ಕೈಗೆತ್ತಿಕೊಂಡು ಮೂಸಿದೆ. ಹುರಿಟ್ಟಿನ ವಾಸನೆ, ಅದರ ಹಿಂದೆಯೇ ಬೆಲ್ಲದ ಪಾಕದ್ದು. ಚೆನ್ನಾಗಿಯೇ ಇತ್ತು. (ನಾಲ್ಕನೆಯ ಶೀಲವೂ ಇದೆಯಲ್ಲ, ಸುಳ್ಳು ಹೇಳಬಾರದು!) ಗ್ಲಾಸನ್ನು ಹಾಗೆಯೇ ಕೆಳಗಿಟ್ಟೆ.

"ಮಾವ, ಇದು ಬರೀ ಬಿಯರ್. ಮುಟ್ಟಿದ್ದಾಯ್ತು, ಮೂಸಿದ್ದಾಯ್ತು, ಇನ್ನೇನು ಮೈಲಿಗೆ?" ಎಂದ.

ಆ ಮೈಲಿಗೆ ಎಂಬ ಮಾತು ಚುಚ್ಚಿತು. ಅವನು ಅನುಮಾನಪಟ್ಟಿದ್ದು ನ್ಯಾಯವೇ. ನಮ್ಮ ಹಿರಿಯರಿಗೆ ಊರ ಹೋಟೆಲಿನಲ್ಲಿ ಬೇರೆ ಲೋಟ ಇರುತ್ತಿತ್ತು. ಇಲ್ಲಿ ಎಲ್ಲರಿಗೂ ಒಂದೇ ಗ್ಲಾಸು. ಅಂಥ ಮೇಜಿನ ಮೇಲಿನ ಗ್ಲಾಸನ್ನು ಅಶುದ್ಧವೆಂದು ನಾನು ದೂರ ತಳ್ಳಿದರೆ, ಬಿಟ್ಟುಬಂದದ್ದನ್ನೇ ಬೇರೆ ಹೆಸರಲ್ಲಿ ಹೊತ್ತುಕೊಂಡಂತೆ. ಬುದ್ಧನ ಹೆಸರಲ್ಲಿ ಮಡಿ ಮಾಡುವವರು ನಮ್ಮಲ್ಲೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ.

ಶೀಲದಲ್ಲಿರುವ ಪಾಲಿ ಪದ ಪಮಾದಟ್ಠಾನ. ಎಚ್ಚರ ತಪ್ಪುವುದಕ್ಕೆ ಕಾರಣವಾಗುವುದು ಎಂದು. ಅಶುದ್ಧಿಯ ಮಾತೇ ಅಲ್ಲಿಲ್ಲ. ಬಿಯರ್ ಆದರೆ ಪರವಾಗಿಲ್ಲ ಎಂಬ ವಾದವೂ ನಿಲ್ಲುವುದಿಲ್ಲ. ಹಿಟ್ಟು, ಅಕ್ಕಿಯಿಂದ ಮಾಡಿದ್ದನ್ನು ಸುರಾ ಎಂದಿದ್ದಾರೆ. ಬಾರ್ಲಿಯ ಏಲ್ ಕೂಡ ಅದೇ ಜಾತಿಯದು (ಜಾತಿ ಇರುವುದು ಇಲ್ಲಿ ಮಾತ್ರ ಇರಲಿ).

ಭಿಕ್ಖುಗಳು ಮದ್ಯ ಕುಡಿಯಬಾರದೆಂಬ ನಿಯಮ ಹುಟ್ಟಿದ ಕಥೆ ವಿನಯ ಪಿಟಕದಲ್ಲಿದೆ. ಸಾಗತ ಎಂಬ ಭಿಕ್ಖು ಭಯಂಕರ ನಾಗನನ್ನು ಗೆದ್ದಿದ್ದ. ಕೋಸಂಬಿಯ ಜನ ಅವನನ್ನು ಗೌರವಿಸಲು ಮನೆಮನೆಯಲ್ಲೂ ಕಾಪೋತಿಕಾ ಎಂಬ ಮದ್ಯ ಸಿದ್ಧಮಾಡಿದರು. ಅದು ಪಾರಿವಾಳದ ಕಾಲಿನಂತೆ ಕೆಂಪು ಹೊಳಪಿನದು ಎನ್ನುತ್ತದೆ ಅಟ್ಠಕಥೆ. ನನ್ನ ಮುಂದಿದ್ದ ಗ್ಲಾಸಿನ ಬಣ್ಣವೂ ಸುಮಾರು ಅದೇ! ಸಾಗತ ಪ್ರತಿ ಮನೆಯಲ್ಲೂ ಕುಡಿದ. ಊರಬಾಗಿಲಲ್ಲಿ ಬಿದ್ದ. ಹೊತ್ತು ತಂದು ಮಲಗಿಸಿದರೆ ಹೊರಳಿ ಬುದ್ಧನ ಕಡೆಗೇ ಕಾಲು ಚಾಚಿದ. ಇವನು ಈಗ ನೀರುಹಾವಿನ ಜೊತೆಗಾದರೂ ಹೋರಾಡಬಲ್ಲನೇ ಎಂದು ಬುದ್ಧ ಕೇಳಿದ.

ಗಮನಿಸಿ, ಸಾಗತನಿಗೆ ಯಾರೂ ಕೇಡು ಬಯಸಿರಲಿಲ್ಲ. ಕೊಟ್ಟವರೆಲ್ಲ ಭಕ್ತಿಯಿಂದ ಕೊಟ್ಟರು. ನಮಗೆ ಕಷ್ಟವಾಗುವುದೂ ಇಲ್ಲೇ. ತಲೆಮಾರುಗಳಿಂದ ಬಾಗಿಲಾಚೆ ನಿಂತವರನ್ನು ಒಳಗೆ ಕೂರಿಸಿ, ಸರ್ ಎಂದು ಕರೆದು, ಮುಂದೆ ಗ್ಲಾಸು ಇಟ್ಟಾಗ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಗೌರವ ಬೇಕು, ಮದ್ಯ ಬೇಡ ಎಂದು ಎರಡನ್ನೂ ಬಿಡಿಸಿ ಹೇಳಬೇಕು. ಕೇರಿಗೆ ಹೆಂಡದ ಬದಲು ವಸತಿ ಶಾಲೆ ಕೊಡಿ ಎಂದು ದಸಂಸ ಕೇಳಿದ್ದೂ ಹೀಗೇ ಬಿಡಿಸಿಯೇ. 2007ರಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಕುಡಿದ ನಮ್ಮಪ್ಪಂದಿರು ಕುಡುಕರು, ಏಲ್ ಕುಡಿಯುವ ನಮ್ಮ ಮಕ್ಕಳು ರುಚಿ ಬಲ್ಲವರು. ಅಷ್ಟೇ ವ್ಯತ್ಯಾಸ.

ಒಂದು ಗುಟುಕಿನಿಂದ ನನ್ನ ಎಚ್ಚರ ಹೋಗುತ್ತಿರಲಿಲ್ಲ, ನಿಜ. 1936ರ ಜಾತಿ ವಿನಾಶ ಭಾಷಣದಲ್ಲಿ ಬಾಬಾಸಾಹೇಬರು ನಿಯಮವನ್ನೂ ತತ್ವವನ್ನೂ ಬೇರೆ ಮಾಡಿ ತೋರಿಸಿದ್ದಾರೆ. ತತ್ವ ಎಂದರೆ ತಾನೇ ಯೋಚಿಸಿ ತೀರ್ಮಾನಿಸುವುದು. ನಾನು ಯೋಚಿಸಿದೆ. ಮದ್ಯ ಕುಡಿಯೆನೆಂಬುದು 22 ಪ್ರತಿಜ್ಞೆಗಳಲ್ಲಿ ಒಂದು. ಯಾರ ಬಲವಂತವೂ ಇಲ್ಲದೆ ಅದನ್ನು ಹೇಳಿದ ಬಾಯಿ ಇದು. ಗುಟುಕಿನ ಅಳತೆ ಹಿಡಿದು ಚೌಕಾಸಿ ಮಾಡುವುದು ನನಗೆ ಬೇಕಿರಲಿಲ್ಲ. ಇದನ್ನೇ ಅವನಿಗೆ ಹೇಳಿದೆ. ಅವನಿನ್ನೂ ದೀಕ್ಷೆ ಪಡೆದಿಲ್ಲ. ತನ್ನ ಗ್ಲಾಸು ಮುಗಿಸಿದ, ನಾನು ತಡೆಯಲಿಲ್ಲ.

ಆಮೇಲೆ ಅವನು ಇನ್ನೊಂದು ಕೇಳಿದ: "ಅಲ್ಲಿ ಟ್ಯಾಂಕ್ ತೊಳೀತಿರೋ ಹುಡುಗ ನಮ್ಮವನೇ ಮಾವ, ಅವನ ಕೆಲಸ?" ಉಪಾಸಕರು ಮಾಡಬಾರದ ಐದು ವ್ಯಾಪಾರಗಳಲ್ಲಿ ಮದ್ಯದ್ದೂ ಒಂದು. ಆದರೆ ಇವನು ವ್ಯಾಪಾರಿಯೇ, ಕೂಲಿಯೇ? ಅವನಿಗೆ ಬೇರೆ ಕೆಲಸ ತೋರಿಸದೆ ಸಮ್ಮಾ ಆಜೀವದ ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ಭಾನುವಾರದ ಅಧ್ಯಯನಕ್ಕೆ ಇದನ್ನೇ ಇಟ್ಟುಕೊಳ್ಳೋಣ. ಯೋಚಿಸಿಕೊಂಡು ಬನ್ನಿ.

ಜೈಭೀಮ್.