ಹೆಸರಿನ ಮರೆ ಮತ್ತು ಸತ್ಯಾಣುವ್ರತ

ಸಾಮಾಜಿಕ ಜಾಲತಾಣದಲ್ಲಿ ನಿಜನಾಮವನ್ನು ಮರೆಮಾಡಿ ಬೇರೊಂದು ಹೆಸರಿನಿಂದ ಬರೆಯುವವನು ಅಸತ್ಯವನ್ನಾಡಿದಂತಾಯಿತೇ? ಸತ್ಯಾಣುವ್ರತವನ್ನು ಪಾಲಿಸಬಯಸುವ ಗೃಹಸ್ಥನು ವಿಚಾರಮಾಡಬೇಕಾದ ಪ್ರಶ್ನೆಯಿದು.

ನಿಜನಾಮವನ್ನು ಕಡ್ಡಾಯಗೊಳಿಸಿದರೆ ಪರನಿಂದೆ ತಾನಾಗಿಯೇ ನಿಲ್ಲುವುದೆಂದು ಹಲವರು ನಂಬುತ್ತಾರೆ. ದಕ್ಷಿಣ ಕೊರಿಯಾ ದೇಶವು ಇದನ್ನು ಪ್ರಯೋಗಿಸಿ ನೋಡಿತು. ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಮೊದಲು ತಮ್ಮ ಗುರುತನ್ನು ದೃಢಪಡಿಸಬೇಕೆಂಬ ಕಾನೂನು ಅಲ್ಲಿ 2007ರಲ್ಲಿ ಜಾರಿಗೆ ಬಂದಿತು. 2011ರಲ್ಲಿ ಅಲ್ಲಿನ ಜಾಲತಾಣಗಳಿಂದ ಸುಮಾರು 3.5 ಕೋಟಿ ಬಳಕೆದಾರರ ವಿವರಗಳು ಕಳುವಾದವು. ಕಾನೂನುಬಾಹಿರ ಬರಹಗಳು ಗಣನೀಯವಾಗಿ ತಗ್ಗಿದವೆಂಬುದಕ್ಕೆ ಆಧಾರವಿಲ್ಲವೆಂದು ಹೇಳಿ, ಸಂವಿಧಾನ ನ್ಯಾಯಾಲಯವು 2012ರ ಆಗಸ್ಟ್‌ನಲ್ಲಿ ಆ ಕಾನೂನನ್ನು ಸರ್ವಾನುಮತದಿಂದ ರದ್ದುಗೊಳಿಸಿತು.

ಹಾಗಾದರೆ ದೋಷವಿರುವುದೆಲ್ಲಿ? ನಮ್ಮ ಆಚಾರ್ಯರು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೂರು ಇಲ್ಲಿ ಮನನೀಯವಾಗಿವೆ.

ಮೊದಲನೆಯದು ಕೂಟಲೇಖಕ್ರಿಯೆ, ಎಂದರೆ ವಂಚನೆಗಾಗಿ ಸುಳ್ಳು ಬರಹವನ್ನು ಸೃಷ್ಟಿಸುವುದು. ಅನ್ಯರ ಹೆಸರು ಮತ್ತು ಭಾವಚಿತ್ರಗಳಿಂದ ಖಾತೆ ತೆರೆದು ಅವರ ಬಂಧುಗಳಿಂದ ಹಣ ಬೇಡುವವನು ಮಾಡುವುದು ಇದನ್ನೇ. ದ. ರಾ. ಬೇಂದ್ರೆಯವರು ಅಂಬಿಕಾತನಯದತ್ತರೆಂಬ ಹೆಸರಿನಿಂದ ಕಾವ್ಯ ಬರೆದಾಗ ಯಾವ ಓದುಗನೂ ವಂಚಿತನಾಗಲಿಲ್ಲ. ಎರಡೂ ಅನ್ಯನಾಮಗಳೇ, ಆದರೆ ಅವುಗಳ ಹಿಂದಿನ ಭಾವ ಬೇರೆ.

ಎರಡನೆಯದು ರಹೋಭ್ಯಾಖ್ಯಾನ, ಎಂದರೆ ಪರರ ಗುಟ್ಟನ್ನು ಬಯಲುಮಾಡುವುದು. ಗಂಡನ ಹಿಂಸೆಗೆ ಅಂಜಿ, ಅನ್ಯನಾಮದಿಂದ ನೆರವು ಕೋರಿದ ಹೆಣ್ಣುಮಗಳ ನಿಜನಾಮವನ್ನು ಸಾರುವವನು ಇದ್ದುದನ್ನೇ ಹೇಳಿದರೂ ವ್ರತಕ್ಕೆ ಕಳಂಕ ತರುತ್ತಾನೆ. ಅಹಿಂಸೆಯನ್ನು ತೊರೆದ ಸತ್ಯವು ಸತ್ಯವೆನಿಸದು.

ಮೂರನೆಯದು ನ್ಯಾಸಾಪಹಾರ, ಎಂದರೆ ನಂಬಿ ಇರಿಸಿದ ಒಡವೆಯನ್ನು ಕಬಳಿಸುವುದು. ನಂಬಿ ಒಪ್ಪಿಸಿದ ಹೆಸರೂ ಒಂದು ನ್ಯಾಸವೇ ಅಲ್ಲವೇ? ನಿಜನಾಮವನ್ನು ಕೇಳಿ ಪಡೆದ ಸಂಸ್ಥೆಯು ಅದನ್ನು ಕಾಪಾಡುವ ಹೊಣೆಯನ್ನೂ ಹೊರಬೇಕು. ದಾನಿಗಳ ಮತ್ತು ಸದಸ್ಯರ ಹೆಸರು, ದೂರವಾಣಿ ಸಂಖ್ಯೆಗಳ ಪಟ್ಟಿಯನ್ನಿರಿಸಿಕೊಂಡ ನಮ್ಮ ಬಸದಿಗಳ ಟ್ರಸ್ಟುಗಳಿಗೂ ಈ ಮಾತು ಅನ್ವಯಿಸುತ್ತದೆ. ಆ ಪಟ್ಟಿಯನ್ನು ವ್ಯಾಪಾರಿಗೋ ರಾಜಕಾರಣಿಗೋ ಕೊಡುವುದು ಸಣ್ಣ ತಪ್ಪೆಂದು ಭಾವಿಸಲಾಗದು.

ಹೆಸರಿನ ಮರೆಯಲ್ಲಿ ನಿಂತು ನಿಂದಿಸುವವರೂ ಉಂಟು. ಅವರಿಂದ ನೊಂದವರು ನ್ಯಾಯಾಲಯದ ಮೊರೆಹೋಗುವುದು ಯೋಗ್ಯವೇ. ಆದರೆ ಅಲ್ಪರ ದುಷ್ಕೃತ್ಯಕ್ಕಾಗಿ ಅಂಜಿದವರೆಲ್ಲರ ಆಸರೆಯನ್ನು ಕಿತ್ತುಕೊಳ್ಳುವುದು ಸಲ್ಲದು.

ಆದುದರಿಂದ ಅನ್ಯನಾಮದಿಂದ ಬರೆಯುವ ಶ್ರಾವಕನು ತನ್ನನ್ನೇ ಕೇಳಿಕೊಳ್ಳಲಿ: ಈ ಹೆಸರು ಯಾರನ್ನು ಕಾಯುತ್ತಿದೆ, ಯಾರನ್ನು ನೋಯಿಸುತ್ತಿದೆ? ಲೋಕದ ಕಣ್ಣಿಗೆ ಹೆಸರು ಮರೆಯಾದೀತು. ಆಡಿದ ಮಾತಿನ ಕರ್ಮಬಂಧವು ಆಡಿದವನನ್ನೇ ಸೇರುತ್ತದೆ.